ಬ್ರೇಕ್ ಒತ್ತಿದಾಗ ಗಾಡಿ ನಡುಗಿದರೆ: ಕಾರಣವೇನು, ಪರಿಹಾರವೇನು?



ಲೈಸೆನ್ಸು, ತೆರಿಗೆ, ಗ್ಯಾಸಿನ ದರ, ಕೆಲಸದವರ ಕೊರತೆ ಮುಂತಾದ ವಿಷಯಗಳ ಬಗ್ಗೆ ತಿಳಿದವರು ನಮ್ಮ ಪತ್ರಿಕೆಯಲ್ಲಿ ಬರೆಯುತ್ತ ಬಂದಿದ್ದಾರೆ. ನಾವು ಈ ಸಲ ಬರೆಯುತ್ತಿರುವುದು ಅಡುಗೆಮನೆಯ ವಿಷಯವಲ್ಲ, ಗಲ್ಲಾದ ವಿಷಯವೂ ಅಲ್ಲ. ನಮ್ಮ ಇಡ್ಲಿ, ಸಾಂಬಾರು, ಕೇಸರಿಬಾತು ಹೊತ್ತುಕೊಂಡು ಹೋಗುವ ಗಾಡಿಯ ಬ್ರೇಕಿನ ವಿಷಯ. ನಾವು ಮೆಕ್ಯಾನಿಕ್ ಅಲ್ಲ, ಓದಿದ್ದು ಹತ್ತನೇ ತರಗತಿ. ಆದರೆ ಈ ಒಂದು ಪಾಠವನ್ನು ದುಬಾರಿ ಫೀಸು ಕೊಟ್ಟು ಕಲಿತಿದ್ದೇವೆ. ನಮ್ಮಲ್ಲಿ ಔಟ್‌ಡೋರ್ ಕೇಟರಿಂಗ್ ಮಾಡುವವರಿಗೆಲ್ಲ ಒಂದೋ ಎರಡೋ ವ್ಯಾನು, ಟೆಂಪೋ ಇದ್ದೇ ಇದೆ. ಆದ್ದರಿಂದ ಇದನ್ನು ಬರೆಯುವುದು ನಮ್ಮ ಕರ್ತವ್ಯವೆಂದು ತೋರಿತು.

ನಡೆದ ಸಂಗತಿ

ನಮ್ಮ ಹೋಟೆಲು ಪುಣೆಯ ಚಿಂಚವಾಡದ ಕಡೆ ಇದೆ. ಒಂದು ದಿನ ನಮ್ಮ ಡ್ರೈವರ್ ಹುಡುಗ ಬಂದು, "ಧಣಿ, ಎಪ್ಪತ್ತರ ಮೇಲೆ ಹೋಗುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ" ಎಂದ. ನಾವು ಗಲ್ಲಾದ ಮೇಲೆ ಕೂತಲ್ಲಿಂದಲೇ, "ಹಾಗಾದರೆ ಎಪ್ಪತ್ತರ ಮೇಲೆ ಹೋಗಬೇಡ" ಎಂದೆವು. ಅದು ನಮ್ಮ ಮೊದಲನೇ ತಪ್ಪು.

ಹದಿನೈದು ದಿನದ ನಂತರ ಮತ್ತೆ ಹೇಳಿದ. ವೀಲ್ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದೆವು. ನಡುಕ ಹೋಗಲಿಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ "ಪ್ಯಾಡ್ ಸವೆದಿದೆ" ಎಂದು ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ ಕೊಟ್ಟರು. ನಡುಕ ನಿಂತಿತು. ನಾವು ಸಮಾಧಾನಪಟ್ಟೆವು. ಮೂರು ವಾರ ಕಳೆಯುವುದರೊಳಗೆ ಅದೇ ನಡುಕ ಮೊದಲಿಗಿಂತ ಜೋರಾಗಿ ಮರಳಿ ಬಂತು. ಆಗ ಆರ್ಡರುಗಳ ಕಾಲ, ಗಾಡಿ ನಿಲ್ಲಿಸಲು ಮನಸ್ಸಾಗಲಿಲ್ಲ. "ಈ ವಾರ ಕಳೆಯಲಿ" ಎಂದು ಮುಂದೂಡಿದೆವು. ಅದು ಎರಡನೇ ತಪ್ಪು.

ಆ ವಾರವೇ ಖೋಪೋಲಿಯಲ್ಲಿ ಒಂದು ಗೃಹಪ್ರವೇಶದ ಆರ್ಡರು ಇತ್ತು. ವ್ಯಾನು ಖಂಡಾಲಾ ಘಾಟಿ ಇಳಿಯುವಾಗ ಮುಂದಿನ ಟ್ರಕ್ಕು ಒಮ್ಮೆಲೇ ನಿಧಾನವಾಯಿತು. ಡ್ರೈವರ್ ಬ್ರೇಕ್ ಒತ್ತಿದ. ಸ್ಟೇರಿಂಗ್ ಎಷ್ಟು ನಡುಗಿತೆಂದರೆ ಹುಡುಗ ಹೆದರಿ ಕಾಲು ಸಡಿಲಿಸಿ ಮತ್ತೆ ಜೋರಾಗಿ ಒತ್ತಿದ. ದೇವರ ದಯೆಯಿಂದ ಗಾಡಿ ಟ್ರಕ್ಕಿಗೆ ತಾಗಲಿಲ್ಲ. ಆದರೆ ಹಿಂದೆ ಇದ್ದ ಸಾಂಬಾರಿನ ಪಾತ್ರೆ ಜಾರಿ, ಮುಚ್ಚಳ ಹಾರಿ, ಪಾತ್ರೆಯ ಪಕ್ಕದಲ್ಲೇ ಕೂತಿದ್ದ ಬಡಿಸುವ ಹುಡುಗನ ಮೊಣಕಾಲಿನಿಂದ ಪಾದದವರೆಗೆ ಚೆಲ್ಲಿತು. ಅವನು ಮೂರು ವಾರ ಮಲಗಬೇಕಾಯಿತು. ಆಸ್ಪತ್ರೆಯ ಖರ್ಚು, ಸಂಬಳ ಎಲ್ಲವನ್ನೂ ನಾವು ಕೊಟ್ಟೆವು. ಆದರೆ ಊರಿನಿಂದ ಅವನ ತಾಯಿ ಫೋನು ಮಾಡಿ, "ನಿಮ್ಮನ್ನು ನಂಬಿ ಕಳಿಸಿದ್ದೇವೆ" ಎಂದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಮಿಸ್ತ್ರಿ ಹೇಳಿಕೊಟ್ಟದ್ದು

ಆಮೇಲೆ ಪರಿಚಯದವರೊಬ್ಬರು ಹೇಳಿದ ಒಬ್ಬ ಹಳೇ ಮಿಸ್ತ್ರಿಯ ಬಳಿಗೆ ಗಾಡಿ ಒಯ್ದೆವು. ಸೊಲ್ಲಾಪುರದ ಕಡೆಯವರು, ಕನ್ನಡ ಮಾತಾಡುವವರು. ನಾವು ಕತೆಯೆಲ್ಲ ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಪ್ಯಾಡ್ ಬದಲಿ ಮಾಡೀರಿ ಸಾವ್ಕಾರ್ರ, ಡಿಸ್ಕ್ ಅಳತೀ ಮಾಡೀರೇನು?" ಡಿಸ್ಕ್ ಅಳೆಯುವುದು ಎಂಬುದು ಒಂದಿದೆ ಎಂದೇ ನಮಗೆ ಗೊತ್ತಿರಲಿಲ್ಲ. ಅವರು ಎದುರಿಗೇ ಕೂರಿಸಿಕೊಂಡು ತೋರಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಬಳಸುವ ಈಕೋ, ಟಾಟಾ ಏಸ್ ಮೊದಲಾದ ಸಣ್ಣ ಗಾಡಿಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕು. ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಎರಡು ಪ್ಯಾಡುಗಳು ಚಿಮಟದಂತೆ ಹಿಡಿಯುತ್ತವೆ. ಹಿಡಿಯುವ ಆ ಭಾಗಕ್ಕೆ ಕ್ಯಾಲಿಪರ್ ಎನ್ನುತ್ತಾರೆ. ಡ್ರಮ್ ಎಂದರೆ ಡಬ್ಬದಂಥದ್ದು. ಅದರ ಒಳಗಿನಿಂದ ಲೈನರುಗಳು ಹೊರಕ್ಕೆ ಅಗಲಿ ಒತ್ತುತ್ತವೆ.

ಈ ಡಿಸ್ಕ್ ಎಲ್ಲ ಕಡೆಯೂ ಒಂದೇ ದಪ್ಪ ಇರಬೇಕು, ನೇರವಾಗಿ ತಿರುಗಬೇಕು. ಒಂದು ಜಾಗ ದಪ್ಪ, ಒಂದು ಜಾಗ ತೆಳು ಆದರೆ ಪ್ಯಾಡಿನ ಹಿಡಿತ ಒಂದು ಸುತ್ತಿನಲ್ಲೇ ಬಿಗಿಯಾಗಿ ಸಡಿಲವಾಗುತ್ತದೆ. ಸಣ್ಣ ವ್ಯಾನಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂಮುಕ್ಕಾಲು ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಒಂಬತ್ತು-ಹತ್ತು ಸಲ ತಿರುಗುತ್ತದೆ. ಅಷ್ಟು ಸಲವೂ ಬಿಗಿ-ಸಡಿಲ ಆದರೆ ಅದೇ ನಮ್ಮ ಕೈಗೆ ನಡುಕವಾಗಿ ತಿಳಿಯುತ್ತದೆ. ವ್ಯತ್ಯಾಸ ಬಹಳ ಇರಬೇಕೆಂದಿಲ್ಲ. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ, ಅಂದರೆ ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲಿನಷ್ಟಿದ್ದರೂ ಸಾಕು. ಕಣ್ಣಿಗೆ ಕಾಣುವುದಿಲ್ಲ, ಅಳೆಯಲೇಬೇಕು.

ಡಿಸ್ಕ್ ಕೆಡುವುದು ಹೇಗೆ?

"ಡಿಸ್ಕ್ ಬೆಂಡ್ ಆಗಿದೆ" ಎಂದು ಎಲ್ಲರೂ ಹೇಳುತ್ತಾರೆ. ನಿಜವಾಗಿ ತಟ್ಟೆಯೇ ಸೊಟ್ಟಗಾಗುವುದು ಕಡಿಮೆ. ಹೆಚ್ಚಾಗಿ ಆಗುವುದು ಎರಡು ಬಗೆ.

ಮೊದಲನೆಯದು, ಪ್ಯಾಡಿನ ವಸ್ತು ಡಿಸ್ಕಿಗೆ ಅಂಟಿಕೊಳ್ಳುವುದು. ನಮ್ಮ ದೋಸೆ ಕಾವಲಿ ಅತಿಯಾಗಿ ಕಾದಾಗ ಒಂದು ಜಾಗದಲ್ಲಿ ಹಿಟ್ಟು ಹಿಡಿದುಕೊಳ್ಳುತ್ತದಲ್ಲ, ಹಾಗೆ. ಘಾಟಿ ಇಳಿದು ಬ್ರೇಕು ಕೆಂಡದಂತೆ ಕಾದಿರುವಾಗ ಟೋಲ್ ನಾಕಾದಲ್ಲಿ ಬ್ರೇಕ್ ಒತ್ತಿಕೊಂಡೇ ನಿಂತರೆ, ಪ್ಯಾಡು ಕೂತ ಜಾಗದಲ್ಲಿ ಅದರ ಪದರ ಅಂಟುತ್ತದೆ. ಅಲ್ಲಿಂದ ಮುಂದೆ ಆ ಜಾಗ ಬಂದಾಗಲೆಲ್ಲ ಹಿಡಿತ ಬೇರೆ, ಬಿಸಿಯೂ ಬೇರೆ.

ಎರಡನೆಯದು, ಡಿಸ್ಕ್ ಓಲಾಡುವುದು. ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ ತುಕ್ಕು, ಮಣ್ಣು ಇದ್ದರೆ ಅಥವಾ ವೀಲ್ ನಟ್ಟುಗಳನ್ನು ಒಂದು ಬಿಗಿ ಒಂದು ಸಡಿಲ ಹಾಕಿದರೆ ಡಿಸ್ಕ್ ಸ್ವಲ್ಪ ವಾರೆಯಾಗಿ ಕೂರುತ್ತದೆ. ಅಡಿಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡ ತಟ್ಟೆ ಮೇಜಿನ ಮೇಲೆ ಅಲ್ಲಾಡುವಂತೆ. ಮೊದಲು ನಡುಕ ಇರುವುದಿಲ್ಲ. ಆದರೆ ಬ್ರೇಕ್ ಒತ್ತದಿದ್ದಾಗಲೂ ಆ ಉಬ್ಬಿದ ಜಾಗ ಸುತ್ತಿಗೊಂದು ಸಲ ಪ್ಯಾಡಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಆದಮೇಲೆ ಅಲ್ಲಿ ಡಿಸ್ಕ್ ತೆಳುವಾಗಿ ನಡುಕ ಶುರುವಾಗುತ್ತದೆ. ಟಯರ್ ಅಂಗಡಿಯಲ್ಲಿ ಗಾಳಿ ಗನ್ನಿನಿಂದ ಟರ್ರ್ ಎಂದು ನಟ್ಟು ಬಿಗಿಸಿದ್ದರ ಫಲ ಎಷ್ಟೋ ತಿಂಗಳ ಮೇಲೆ ಕಾಣುವುದು ಹೀಗೆ.

ಇವೆರಡಕ್ಕೂ ತುಪ್ಪ ಸುರಿಯುವುದು ಬಿಸಿ. ಹೋಟೆಲಿನವರ ಲೆಕ್ಕದಲ್ಲೇ ಹೇಳುತ್ತೇವೆ. ಜನ, ಸಾಮಾನು ಸೇರಿ 1,500 ಕಿಲೋ ತೂಕದ ವ್ಯಾನು ಖಂಡಾಲಾದಿಂದ ಖೋಪೋಲಿಗೆ ಬರುವಾಗ ಸುಮಾರು 500 ಮೀಟರ್ ಕೆಳಗೆ ಇಳಿಯುತ್ತದೆ. ಆ ಇಳಿತದ ಶಕ್ತಿಯೆಲ್ಲ ಬಿಸಿಯಾದರೆ ಸುಮಾರು 25 ಲೀಟರ್ ತಣ್ಣೀರು ಕುದಿ ಬರುವಷ್ಟು. ಸಣ್ಣ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಇಂಜಿನ್ನೇ ತಡೆಯುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿದರೆ ಬಹುಪಾಲು ಬ್ರೇಕಿನ ಮೇಲೆಯೇ ಬೀಳುತ್ತದೆ. ವೇಗದ ಲೆಕ್ಕವೂ ಹಾಗೆಯೇ. 60ರಲ್ಲಿ ಹೋಗುವ ಗಾಡಿ ನಿಲ್ಲಿಸುವುದಕ್ಕಿಂತ 80ರಲ್ಲಿ ಹೋಗುವ ಗಾಡಿ ನಿಲ್ಲಿಸುವಾಗ ಒಂದೂಮುಕ್ಕಾಲು ಪಾಲು ಹೆಚ್ಚುಕಡಿಮೆ ಬಿಸಿ ಹುಟ್ಟುತ್ತದೆ.

ಎಲ್ಲಿ ನಡುಗುತ್ತದೆ, ಯಾವಾಗ ನಡುಗುತ್ತದೆ?

ಗ್ಯಾರೇಜಿಗೆ ಹೋಗುವ ಮೊದಲು ಡ್ರೈವರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಪರೀಕ್ಷೆಗಳನ್ನು ನೀವೇ ಮಾಡಬಹುದು. ಗಾಡಿ ಖಾಲಿ ಇರಲಿ, ರಸ್ತೆ ಸಮತಟ್ಟು ಇರಲಿ, ಹಿಂದೆ ಮುಂದೆ ವಾಹನ ಇರಬಾರದು.

1. ಮೊದಲು ಟಯರುಗಳ ಗಾಳಿ, ಉಬ್ಬು, ವೀಲ್ ನಟ್ಟು ನೋಡಿ. ನಟ್ಟು ಸಡಿಲವಿದ್ದರೂ ಗಾಡಿ ನಡುಗುತ್ತದೆ. ಟಯರಿನಲ್ಲಿ ಉಬ್ಬು ಇದ್ದರೆ ಅದನ್ನು ಬದಲಿಸದೆ ಮುಂದಿನ ಪರೀಕ್ಷೆ ಬೇಡ.

2. ಬ್ರೇಕ್ ಒತ್ತದೆ 80ರ ಹತ್ತಿರ ಹೋಗಿ. ಆಗಲೂ ನಡುಗಿದರೆ ಅದು ವೀಲ್ ಬ್ಯಾಲೆನ್ಸ್, ಟಯರ್ ಅಥವಾ ರಿಮ್ಮಿನ ದೋಷ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಕಡೆ ನೋಡಬೇಕು. ನಾವು ಈ ಒಂದನ್ನು ಮೊದಲೇ ನೋಡಿದ್ದರೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟಿನ ಹಣ ಉಳಿಯುತ್ತಿತ್ತು.

3. 60-70ರಲ್ಲಿ ಮೆಲ್ಲಗೆ ಬ್ರೇಕ್ ಒತ್ತಿ. ಸ್ಟೇರಿಂಗ್ ನಡುಗಿದರೆ ಹೆಚ್ಚಾಗಿ ಮುಂದಿನ ಡಿಸ್ಕ್. ಸೀಟು, ನೆಲ ನಡುಗಿದರೆ ಹೆಚ್ಚಾಗಿ ಹಿಂದಿನ ಡ್ರಮ್. ಪೆಡಲ್ ಕಾಲನ್ನು ತಳ್ಳಿ ತಳ್ಳಿ ಬಿಟ್ಟರೆ ಎರಡರಲ್ಲಿ ಯಾವುದೂ ಆಗಬಹುದು.

4. 30-40ರಲ್ಲಿ ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ನಿಧಾನವಾಗಿ ಸ್ವಲ್ಪ ಎಳೆಯಿರಿ. ಥಟ್ಟನೆ ಎಳೆದರೆ ಗಾಡಿ ತಿರುಗಿಬಿಡುತ್ತದೆ, ಎಚ್ಚರ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಆಗಲೂ ಅದೇ ನಡುಕ ಬಂದರೆ ಡ್ರಮ್ ಅಂಡಾಕಾರ ಆಗಿದೆ ಎಂದು ತಿಳಿಯಬೇಕು.

5. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಎಡ-ಬಲ ಚಕ್ರಗಳ ಹತ್ತಿರ ಕೈ ಒಯ್ದು ಝಳ ನೋಡಿ. ಮುಟ್ಟಬೇಡಿ, ಸುಟ್ಟೀತು. ಒಂದು ಕಡೆ ಹೆಚ್ಚು ಬಿಸಿ, ಸುಟ್ಟ ವಾಸನೆ ಇದ್ದರೆ ಆ ಕಡೆಯ ಕ್ಯಾಲಿಪರ್ ಜಾಮ್ ಆಗಿ ಪ್ಯಾಡು ಸದಾ ಉಜ್ಜುತ್ತಿದೆ ಎಂದರ್ಥ.

ಒಂದು ಮಾತು. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಅಂಥ ಗಾಡಿಯಲ್ಲಿ ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹೊಡೆದಾಗ ಪೆಡಲ್ ಗಡಗಡ ಎನ್ನುವುದು ದೋಷವಲ್ಲ, ಅದು ಅದರ ಕೆಲಸ. ಕಾಲು ತೆಗೆಯಬಾರದು. ಮೆಲ್ಲಗೆ ಒತ್ತಿದಾಗಲೂ ನಡುಗಿದರೆ ಮಾತ್ರ ಮೇಲಿನ ಪರೀಕ್ಷೆ.

ನಮ್ಮ ಗಾಡಿಯಲ್ಲಿ ಸಿಕ್ಕಿದ್ದೇನು?

ಮಿಸ್ತ್ರಿ ಮೊದಲು ಮಾಡಿದ ಕೆಲಸ ನಟ್ಟುಗಳನ್ನು ಕೈ ಪಾನಾದಿಂದ ಬಿಚ್ಚಿದ್ದು. ಒಂದು ನಟ್ಟು ಸುಲಭವಾಗಿ ಬಂತು, ಅದೇ ಚಕ್ರದ ಇನ್ನೊಂದಕ್ಕೆ ಪಾನಾದ ಮೇಲೆ ಹತ್ತಿ ನಿಲ್ಲಬೇಕಾಯಿತು. "ನೋಡ್ರಿ, ರೋಗ ಇಲ್ಲಿಂದ ಶುರು ಆಗೈತಿ" ಎಂದರು.

ಚಕ್ರ ತೆಗೆಯುವ ಮೊದಲು ಜಾಕ್ ಏರಿಸಿ ಅದನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ ಬೇರಿಂಗ್, ಬಾಲ್ ಜಾಯಿಂಟ್ ನೋಡಿದರು. ಎಡ-ಬಲ ಹಿಡಿದು ಅಲ್ಲಾಡಿಸಿ ಟೈ ರಾಡ್ ಎಂಡ್ ನೋಡಿದರು. ಇವು ಸವೆದಿದ್ದರೆ ಸಣ್ಣ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಮ್ಮದರಲ್ಲಿ ಅವು ಸರಿ ಇದ್ದವು.

ನಂತರ ಡಯಲ್ ಗೇಜ್ ಎಂಬ ಮುಳ್ಳಿನ ಅಳತೆ ಯಂತ್ರವನ್ನು ಡಿಸ್ಕಿನ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ತಾಗಿಸಿ, ಡಿಸ್ಕನ್ನು ನಟ್ಟಿನಿಂದ ಬಿಗಿದು ಕೈಯಿಂದ ತಿರುಗಿಸಿದರು. ಈ ಓಲಾಟ ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗೆ ಇರಬೇಕು. ಸರಿಯಾದ ಅಂಕಿ ಆಯಾ ಗಾಡಿಯ ಸರ್ವಿಸ್ ಪುಸ್ತಕದಲ್ಲಿದೆ. ನಮ್ಮ ಎಡಗಡೆಯ ಡಿಸ್ಕ್ 0.16 ತೋರಿಸಿತು. ಡಿಸ್ಕ್ ತೆಗೆದರೆ ಹಬ್ಬಿನ ಮುಖದಲ್ಲಿ ಪಾಚಿ ಕಟ್ಟಿದಂತೆ ತುಕ್ಕು. ತಂತಿ ಬ್ರಶ್ಶಿನಿಂದ ಉಜ್ಜಿ ಮತ್ತೆ ಹಾಕಿದಾಗ ಓಲಾಟ 0.06ಕ್ಕೆ ಇಳಿಯಿತು.

ಅಲ್ಲಿಗೆ ಮುಗಿಯಲಿಲ್ಲ. ಮೈಕ್ರೋಮೀಟರಿನಿಂದ ಎಂಟು ಕಡೆ ದಪ್ಪ ಅಳೆದರು. ಎಂಟೂ ಒಂದೇ ಇರಲಿಲ್ಲ. ಓಲಾಡಿ ಓಲಾಡಿ ಡಿಸ್ಕ್ ಆಗಲೇ ಒಂದು ಕಡೆ ಸವೆದಿತ್ತು. ಪ್ಯಾಡು ಬದಲಿಸಿದಾಗ ನಡುಕ ನಿಂತು ಮತ್ತೆ ಬಂದದ್ದೇಕೆ ಎಂಬುದು ನಮಗೆ ಆಗ ತಿಳಿಯಿತು. ಹೊಸ ಪ್ಯಾಡು ಆ ಏರುತಗ್ಗನ್ನು ನಾಲ್ಕು ದಿನ ಮುಚ್ಚಿಟ್ಟಿತ್ತು, ಅಷ್ಟೇ. ಜೊತೆಗೆ ಎಡ ಕ್ಯಾಲಿಪರ್ ಜಾರುವ ಪಿನ್ನು ಗ್ರೀಸ್ ಒಣಗಿ ಹಿಡಿದುಕೊಂಡಿತ್ತು. ಬ್ರೇಕ್ ಬಿಟ್ಟರೂ ಪ್ಯಾಡು ಬಿಡುತ್ತಿರಲಿಲ್ಲ. ಅದಕ್ಕೇ ಆ ಚಕ್ರ ಹೆಚ್ಚು ಕಾಯುತ್ತಿತ್ತು.

ಪರಿಹಾರ

ಡಿಸ್ಕನ್ನು ಲೇತಿನಲ್ಲಿ ಹೊಡೆಸಿ ಸಮ ಮಾಡಬಹುದು. ಆದರೆ ಅದಕ್ಕೊಂದು ಮಿತಿ ಇದೆ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೊರೆದಿರುತ್ತಾರೆ. ಲೇತ್ ಮಾಡಿದ ಮೇಲೂ ಅದಕ್ಕಿಂತ ಹೆಚ್ಚು ಉಳಿಯಬೇಕು. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬಿರುಕು ಬಿಡಲೂಬಹುದು. ಡ್ರಮ್ಮಿಗೂ ಹೀಗೆಯೇ ಒಳ ಅಗಲದ ಗರಿಷ್ಠ ಅಳತೆ ಇರುತ್ತದೆ. ನಮ್ಮ ಡಿಸ್ಕಿನಲ್ಲಿ ಲೇತ್ ಮಾಡುವಷ್ಟು ದಪ್ಪ ಉಳಿದಿರಲಿಲ್ಲ. ಎರಡೂ ಕಡೆ ಹೊಸ ಡಿಸ್ಕ್, ಹೊಸ ಪ್ಯಾಡ್ ಹಾಕಿಸಿದೆವು. ಒಂದೇ ಕಡೆ ಬದಲಿಸಬಾರದು, ಹಿಡಿತ ಹೆಚ್ಚುಕಡಿಮೆಯಾಗಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಪಿನ್ನುಗಳನ್ನು ಬಿಚ್ಚಿ ತೊಳೆದು ಬ್ರೇಕಿಗೆಂದೇ ಬರುವ, ಬಿಸಿ ತಡೆಯುವ ಗ್ರೀಸ್ ಹಾಕಿದರು. ಮಾಮೂಲಿ ಗ್ರೀಸ್ ಅಲ್ಲಿ ನಡೆಯುವುದಿಲ್ಲ.

ಕೊನೆಗೆ ನಟ್ಟುಗಳನ್ನು ಒಂದು ಬಿಟ್ಟು ಎದುರಿನದು ಎಂಬ ಕ್ರಮದಲ್ಲಿ, ಟಾರ್ಕ್ ಪಾನಾದಿಂದ ಪುಸ್ತಕದಲ್ಲಿ ಹೇಳಿದ ಅಳತೆಗೆ ಬಿಗಿಸಿದರು. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿದರು.

ಹೊಸ ಕಾವಲಿಯನ್ನು ಪಳಗಿಸದೆ ದೋಸೆ ಹೊಯ್ದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸ ಬ್ರೇಕನ್ನೂ ಪಳಗಿಸಬೇಕು. ಖಾಲಿ ರಸ್ತೆಯಲ್ಲಿ 50-60ರಿಂದ 15ರವರೆಗೆ ಹದವಾಗಿ ಬ್ರೇಕ್ ಒತ್ತಿ, ಪೂರ್ತಿ ನಿಲ್ಲಿಸದೆ, ನಡುವೆ ಬಿಡುವು ಕೊಟ್ಟು ಹತ್ತು ಸಲ ಮಾಡಿದೆವು. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಿಸಿದೆವು. ಮೊದಲ ಇನ್ನೂರು-ಮುನ್ನೂರು ಕಿಲೋಮೀಟರ್ ಘಾಟಿಗೆ ಕಳಿಸಲಿಲ್ಲ. ಅಂದಿನಿಂದ ಆ ನಡುಕ ಮತ್ತೆ ಬಂದಿಲ್ಲ. ಇಷ್ಟೆಲ್ಲ ಸೇರಿ ಆದ ಖರ್ಚು ನಮ್ಮ ಒಂದು ಸಣ್ಣ ಆರ್ಡರಿನ ಲಾಭಕ್ಕಿಂತ ಕಡಿಮೆ. ಹುಡುಗನ ಆಸ್ಪತ್ರೆಯ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ.

ಮರಳಿ ಬಾರದಂತೆ

ಈಗ ನಮ್ಮ ಡ್ರೈವರುಗಳಿಗೆ ಈ ನಿಯಮಗಳನ್ನು ಗಾಡಿಯಲ್ಲೇ ಅಂಟಿಸಿದ್ದೇವೆ.

* ಘಾಟಿ ಹತ್ತುವ ಗೇರಿನಲ್ಲೇ ಇಳಿಯಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು, ಇಂಜಿನ್ ಬಂದ್ ಮಾಡುವುದು ಸರ್ವಥಾ ಕೂಡದು. ಇಂಜಿನ್ ಬಂದ್ ಆದರೆ ಎರಡು-ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ.
* ಘಾಟಿ ಇಳಿದ ಕೂಡಲೇ ಗಾಡಿ ತೊಳೆಯಬಾರದು. ಕಾದ ಕಾವಲಿಗೆ ತಣ್ಣೀರು ಸುರಿದಂತೆ ಆಗುತ್ತದೆ.
* ಬ್ರೇಕ್ ಕಾದಿರುವಾಗ ಸಮತಟ್ಟು ಜಾಗದಲ್ಲಿ ಹ್ಯಾಂಡ್ ಬ್ರೇಕ್ ಬಿಗಿಯಾಗಿ ಎಳೆದಿಡಬಾರದು. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಇಳಿಜಾರಾದರೆ ಹ್ಯಾಂಡ್ ಬ್ರೇಕೂ ಬೇಕೇ ಬೇಕು.
* ಟಯರ್ ಅಂಗಡಿಯಲ್ಲಿ ಕೊನೆಯ ಬಿಗಿ ಗನ್ನಿನಿಂದ ಬೇಡ, ಕೈಯಿಂದ ಮಾಡಿಸಬೇಕು.
* ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಕಾದಾಗ ಕುದಿದು ಪೆಡಲ್ ಕೆಳಗೆ ಹೋಗುತ್ತದೆ.
* ಪೆಡಲ್ ಕೆಳಗಿಳಿದರೆ, ಗಾಡಿ ಒಂದು ಕಡೆ ಎಳೆದರೆ, ಕಬ್ಬಿಣ ಉಜ್ಜುವ ಸದ್ದು ಬಂದರೆ, ಆಯಿಲ್ ಸೋರಿದರೆ ಅಲ್ಲೇ ನಿಲ್ಲಿಸಬೇಕು. ಆರ್ಡರು ಬೇರೆ ಗಾಡಿಯಲ್ಲಿ ಹೋಗಲಿ.

ಇನ್ನೂ ಎರಡು ನಿಯಮ ನಮಗೆ ನಾವೇ ಹಾಕಿಕೊಂಡದ್ದು. ಬಿಸಿ ಪಾತ್ರೆಗಳ ಪಕ್ಕದಲ್ಲಿ ಹುಡುಗರನ್ನು ಕೂರಿಸುವುದಿಲ್ಲ. ಅವರು ಬೇರೆ ಗಾಡಿಯಲ್ಲಿ ಸೀಟಿನ ಮೇಲೆ ಕೂತು ಬರುತ್ತಾರೆ. ಪಾತ್ರೆಗಳಿಗೆ ಕ್ಲಾಂಪಿನ ಮುಚ್ಚಳ, ಪಟ್ಟಿ ಕಟ್ಟಿಯೇ ಗಾಡಿ ಹೊರಡುತ್ತದೆ. ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಅರಿಸಿನ, ಟೂತ್‌ಪೇಸ್ಟ್ ಹಚ್ಚದೆ ಇಪ್ಪತ್ತು ನಿಮಿಷ ತಣ್ಣನೆಯ ನಲ್ಲಿ ನೀರು ಬಿಟ್ಟು ಆಸ್ಪತ್ರೆಗೆ ಕರೆದೊಯ್ಯಬೇಕು.

ಬಾಂಧವರೇ, ಸಾಂಬಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗಿರಾಕಿ ಹೇಳಿದರೆ ನಾವು ಗಲ್ಲಾ ಬಿಟ್ಟು ಅಡುಗೆಮನೆಗೆ ಓಡುತ್ತೇವೆ. ಡ್ರೈವರ್ ಬಂದು ಬ್ರೇಕ್ ನಡುಗುತ್ತದೆ ಎಂದರೆ ಅವನನ್ನೇ ಗದರಿಸುತ್ತೇವೆ. ಇನ್ನು ಮುಂದೆ ಹಾಗಾಗದಿರಲಿ. ಸುಟ್ಟುಕೊಂಡ ಆ ಹುಡುಗ ಗುಣವಾಗಿ ನಮ್ಮಲ್ಲಿಗೇ ಮರಳಿ ಬಂದಿದ್ದಾನೆ, ಈಗ ಕೌಂಟರಿನಲ್ಲಿ ನಿಲ್ಲುತ್ತಾನೆ. ಪ್ಯಾಂಟಿನ ಕಾಲು ಮಡಚಿದಾಗ ಕಾಣುವ ಕಲೆ ನಮಗೆ ದಿನವೂ ಪಾಠ ಹೇಳುತ್ತದೆ. ಹಬ್ಬದ ಆರ್ಡರುಗಳು ಶುರುವಾಗುವ ಮೊದಲು ಎಲ್ಲರೂ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ಗಾಡಿಯನ್ನು ನೀವೇ ಒಂದು ಸುತ್ತು ಓಡಿಸಿ ನೋಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇವೆ. ನಮ್ಮ ಈ ಅನುಭವ ಒಬ್ಬರಿಗಾದರೂ ಉಪಯೋಗವಾದರೆ ಬರೆದದ್ದು ಸಾರ್ಥಕ.